ಬೆವರು ಆರಿಸಲು ಏನನ್ನು ಆರಿಸಬೇಕು?

ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಂಡು, ಇಸ್ತ್ರಿ ಮಾಡಿದ ಶರ್ಟಿನ ಕೊನೆಯ ಗುಂಡಿ ಹಾಕುವಷ್ಟರಲ್ಲಿ ಬೆನ್ನು ಮತ್ತೆ ಒದ್ದೆ. ಸರಿಯಾಗಿ ಒರೆಸಿಕೊಂಡಿಲ್ಲವೇನೋ ಅಂದುಕೊಂಡು ಶರ್ಟು ಬಿಚ್ಚಿ ಇನ್ನೊಮ್ಮೆ ಒರೆಸಿಕೊಳ್ಳುತ್ತಿದ್ದೆ. ಅದು ಸ್ನಾನದ ನೀರಲ್ಲ, ಆಗಷ್ಟೇ ಬಂದ ಬೆವರು ಅಂತ ಗೊತ್ತಾಗಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಅಷ್ಟರೊಳಗೆ ಮೂರು ಬಗೆಯ ಡಿಯೋ, ಒಂದು ಕೂಲರ್, ಅರ್ಧ ಡಜನ್ ಟೀ ಶರ್ಟ್ ಮನೆಗೆ ಬಂದಿದ್ದವು. ಅದರಲ್ಲಿ ಮುಕ್ಕಾಲು ಪಾಲು ದಂಡ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಏನು ಕೊಳ್ಳುವ ಮುಂಚೆಯೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ತಂದರೆ ನನ್ನ ಮೈಮೇಲಿನ ನೀರು ಎಲ್ಲಿಗೆ ಹೋಗುತ್ತದೆ? ಗಾಳಿಗೆ ಹೋಗುತ್ತದಾ, ಬಟ್ಟೆಗೆ ಹೋಗುತ್ತದಾ, ಪೈಪಿನಲ್ಲಿ ಮನೆಯ ಹೊರಗೆ ಹೋಗುತ್ತದಾ, ಅಥವಾ ಎಲ್ಲೂ ಹೋಗದೆ ಅಲ್ಲೇ ಕೂರುತ್ತದಾ? ಬಟ್ಟೆ, ಫ್ಯಾನು, ಪೌಡರ್, ಶೂ ಎಲ್ಲಕ್ಕೂ ಈ ಪ್ರಶ್ನೆ ಸಾಕು.

ಬೆವರು ಶತ್ರುವಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಎಳೆದುಕೊಂಡು ಹೋಗುತ್ತದೆ. ಆದರೆ ಅದು ಆವಿಯಾದರೆ ಮಾತ್ರ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈ ತಣಿಸದೆಯೇ ಹೋಯಿತು ಅಂತ ಅರ್ಥ. ಹೊಸದಾಗಿ ಸೆಕೆಯ ಊರಿಗೆ ಬಂದವರಿಗೆ ಒಂದೆರಡು ವಾರ ತುಂಬಾ ಕಷ್ಟ. ಆಮೇಲೆ ದೇಹವೇ ಒಗ್ಗಿಕೊಳ್ಳುತ್ತದೆ. ಹಾಗೆ ಒಗ್ಗಿಕೊಂಡ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಆದರೆ ಬೆವರಿನಲ್ಲಿ ಉಪ್ಪು ಕಡಿಮೆ ಇರುತ್ತದೆ. ಅಂದರೆ ಬೆವರು ಹೆಚ್ಚಾಗಿದ್ದು ಮೈ ಕೆಟ್ಟಿದ್ದಕ್ಕಲ್ಲ, ಮೈ ಪಳಗಿದ್ದಕ್ಕೆ.

ನಿಮ್ಮದು ಯಾವ ಜಾತಿಯ ಸೆಕೆ?

ಬಿಸಿಲು ಸುಡುವ ಒಣ ಸೆಕೆ ಬೇರೆ, ಅಂಟುವ ಸೆಕೆ ಬೇರೆ. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಇದನ್ನು ತಿಳಿಯಲು ಎಲ್ಲರೂ ಹವಾಮಾನದ ಆ್ಯಪ್‌ನಲ್ಲಿ ತೇವಾಂಶದ ಶೇಕಡಾ ನೋಡುತ್ತಾರೆ. ಅದೇ ದಾರಿ ತಪ್ಪಿಸುವುದು. ಬೆಳಿಗ್ಗೆ 25 ಡಿಗ್ರಿ ಇದ್ದಾಗ ತೇವಾಂಶ ಶೇ 95 ಅಂತ ತೋರಿಸುತ್ತದೆ. ಮಧ್ಯಾಹ್ನ 33 ಡಿಗ್ರಿ ಆದಾಗ ಶೇ 60 ಅನ್ನುತ್ತದೆ. ಗಾಳಿ ಒಣಗಿತು ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಎರಡೂ ಹೊತ್ತು ಗಾಳಿಯಲ್ಲಿರುವ ನೀರಿನ ಆವಿ ಹೆಚ್ಚುಕಡಿಮೆ ಅಷ್ಟೇ.

ನೋಡಬೇಕಾದದ್ದು ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಬಿಂದು. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುತ್ತದಲ್ಲ, ಆ ಹನಿ ಕಟ್ಟಲು ಲೋಟ ಎಷ್ಟು ತಣ್ಣಗಿರಬೇಕು ಅನ್ನುವ ಲೆಕ್ಕ ಅದು. ಮೇಲೆ ಹೇಳಿದ ಬೆಳಿಗ್ಗೆ, ಮಧ್ಯಾಹ್ನ ಎರಡಕ್ಕೂ ಡ್ಯೂ ಪಾಯಿಂಟ್ ಸುಮಾರು 24 ಡಿಗ್ರಿ. ಈ ಅಂಕಿ 16ಕ್ಕಿಂತ ಕೆಳಗಿದ್ದರೆ ಹಾಯಾಗಿರುತ್ತದೆ. 21 ದಾಟಿದರೆ ಮೈ ಅಂಟಂಟು. 24 ದಾಟಿದರೆ ಸುಮ್ನೆ ಕೂತಿದ್ದರೂ ಬೆವರು ಆರುವುದಿಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಇದು ಕೆಳಗೆಲ್ಲೋ ಮೂಲೆಯಲ್ಲಿ ಇರುತ್ತದೆ. ಹುಡುಕಿ ನೋಡಿ.

ಮನೆಯೊಳಗಿನ ಲೆಕ್ಕಕ್ಕೆ ಅಂಗೈಯಗಲದ ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ಅಳೆಯುವ ಮಾಪಕ, ಒಂದನ್ನು ತಂದಿಡಿ. ಈ ಬರಹದಲ್ಲಿ ಬರುವ ವಸ್ತುಗಳಲ್ಲೆಲ್ಲ ಅಗ್ಗದ್ದು ಅದೇ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಫ್ಯಾನು, ಕೂಲರ್, ಎಸಿ, ಡಿಹ್ಯುಮಿಡಿಫೈಯರ್

ಕೂಲರ್ ವಿಷಯದಲ್ಲಿ ನಾನು ಮೋಸ ಹೋದೆ. ಅಂಗಡಿಯವನು ಚಾಲೂ ಮಾಡಿ ತೋರಿಸಿದಾಗ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಮನೆಗೆ ತಂದು, ಸೊಳ್ಳೆ ಬರುತ್ತದೆ ಅಂತ ಕಿಟಕಿ ಮುಚ್ಚಿ, ರಾತ್ರಿಯಿಡೀ ಹಾಕಿಕೊಂಡು ಮಲಗಿದೆ. ಮೂರನೇ ದಿನ ಹಾಸಿಗೆಯ ಬೆಡ್‌ಶೀಟು ಮುಟ್ಟಿದರೆ ತಣ್ಣಗೆ, ಹಸಿ ಹಸಿ. ಪುಸ್ತಕದ ಹಾಳೆಗಳು ಅಲೆಅಲೆಯಾಗಿ ಎದ್ದಿದ್ದವು. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ.

ಕಾರಣ ಸರಳ. ಕೂಲರ್ ನೀರನ್ನು ಗಾಳಿಗೆ ಸೇರಿಸಿ ತಂಪು ಮಾಡುತ್ತದೆ. ಗಾಳಿ ಬಾಯಾರಿದ್ದರೆ ಅದು ಅದ್ಭುತ: 40 ಡಿಗ್ರಿ, ಶೇ 15 ತೇವಾಂಶದ ಒಣ ಗಾಳಿಯನ್ನು ಒಳ್ಳೆಯ ಕೂಲರ್ 25ರ ಹತ್ತಿರ ಇಳಿಸಬಲ್ಲದು. ಅದೇ 33 ಡಿಗ್ರಿ, ಶೇ 60 ತೇವಾಂಶದ ಗಾಳಿ ಕೊಟ್ಟರೆ 28ಕ್ಕೆ ಇಳಿಸಿ, ಶೇ 90 ತೇವಾಂಶ ಮಾಡಿ ಕೊಡುತ್ತದೆ. ಆ ಗಾಳಿಯಲ್ಲಿ ಬೆವರು ಎಲ್ಲಿಗೆ ಹೋಗಬೇಕು? ಹಾಗಾಗಿ ನಿಮ್ಮದು ಒಣ ಸೆಕೆಯಾದರೆ ಕೂಲರ್ ತನ್ನಿ, ಕಿಟಕಿ ತೆರೆದಿಡಿ. ಅಂಟುವ ಸೆಕೆಯಾದರೆ ಅದರ ಆಸೆ ಬಿಡಿ. ಐಸು ಹಾಕುವುದರಿಂದಲೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

ಫ್ಯಾನು ಕೋಣೆಯನ್ನು ತಣಿಸುವುದೇ ಇಲ್ಲ. ಮೈಗೆ ಅಂಟಿಕೊಂಡಿರುವ ಬಿಸಿ, ಒದ್ದೆ ಗಾಳಿಯ ತೆಳು ಪದರವನ್ನು ಸರಿಸಿ ಹೊಸ ಗಾಳಿ ತರುತ್ತದೆ, ಅಷ್ಟೇ. ಆದರೆ ಅಂಟುವ ಸೆಕೆಯಲ್ಲಿ ಅದೇ ದೊಡ್ಡ ಉಪಕಾರ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿಸಿಟ್ಟು ಬಂದರೆ ತಂಪಾಗಿರುತ್ತದೆ ಅನ್ನುವುದು ಭ್ರಮೆ. ಮೋಟಾರಿನ ಬಿಸಿ ಸೇರುತ್ತದೆಯೇ ಹೊರತು ಇನ್ನೇನಿಲ್ಲ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಮೋಟಾರಿನದು 30ರ ಆಸುಪಾಸು. ದಿನವಿಡೀ ತಿರುಗುವ ಮನೆಯಲ್ಲಿ ಎರಡನೆಯದೇ ವಾಸಿ. ಒಂದು ಎಚ್ಚರಿಕೆ: ಗಾಳಿ ಮೈಗಿಂತ ತುಂಬಾ ಬಿಸಿಯಾದರೆ ಫ್ಯಾನು ಒಲೆಯ ಮುಂದೆ ಊದಿದ ಹಾಗೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನನ್ನು ನೆಚ್ಚಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಸಾದವರಿಗೆ ಬೆವರು ಕಡಿಮೆ ಬರುವುದರಿಂದ ಅವರ ವಿಷಯದಲ್ಲಿ ಇನ್ನೂ ಮೊದಲೇ ಎಚ್ಚರ ಬೇಕು.

ಎಸಿ ಹುಟ್ಟಿದ್ದೇ ತೇವ ತೆಗೆಯುವುದಕ್ಕೆ ಅಂದರೆ ನಂಬುತ್ತೀರಾ? 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಸೆಕೆಗೆ ಕಾಗದ ಹಿಗ್ಗಿ, ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಗಾಳಿಯ ತೇವ ಹಿಡಿತಕ್ಕೆ ತರುವ ಯಂತ್ರ ರೂಪಿಸಿದರು. ಮನುಷ್ಯರಿಗೆ ತಂಪಾಗಿದ್ದು ಆಮೇಲಿನ ಲಾಭ. ಈಗಲೂ ಅಂಟುವ ಸೆಕೆಯಲ್ಲಿ ಎಸಿಯ ದೊಡ್ಡ ಕೆಲಸ ಅದೇ. ಹೊರಗಿನ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ. ಗಂಟೆಗೆ ಒಂದು ಲೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ನೀರು ಬೀಳುತ್ತದೆ. ನಿಮ್ಮ ಬೆವರು, ಉಸಿರು, ಒಣಹಾಕಿದ ಟವೆಲ್ಲಿನ ನೀರು ಎಲ್ಲ ಅದರಲ್ಲಿದೆ.

ಆದ್ದರಿಂದಲೇ ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡ ಎಸಿ ತರುವುದು ತಪ್ಪು. ದೊಡ್ಡದು ಗಾಳಿಯನ್ನು ಬೇಗ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ತೇವ ತೆಗೆಯಲು ಅದು ಸಾಕಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಣ್ಣಗೆ, ಆದರೆ ಜಿಗುಟು. ಗುಹೆಯಲ್ಲಿ ಕೂತ ಹಾಗೆ. ಸರಿಯಾದ ಅಳತೆಯ ಇನ್ವರ್ಟರ್ ಎಸಿಯನ್ನು (ಕಂಪ್ರೆಸರ್ ಪದೇಪದೇ ನಿಲ್ಲಿಸದೆ ವೇಗ ತಗ್ಗಿಸಿ ಓಡಿಸುವಂಥದ್ದು) 26ರಲ್ಲಿಟ್ಟು, ಮೇಲೆ ಫ್ಯಾನು ನಿಧಾನಕ್ಕೆ ಹಾಕಿಕೊಂಡರೆ 22ರಲ್ಲಿ ನಡುಗುವುದಕ್ಕಿಂತ ಹಾಯಾಗಿರುತ್ತದೆ. ಮಳೆ ಹಿಡಿದ ದಿನಗಳಲ್ಲಿ, ಬಿಸಿ ಅಷ್ಟಿಲ್ಲ ಆದರೆ ಎಲ್ಲವೂ ಹಸಿ ಅನ್ನುವಾಗ, ರಿಮೋಟಿನಲ್ಲಿ ಹನಿಯ ಚಿತ್ರವಿರುವ ಡ್ರೈ ಮೋಡ್ ಒತ್ತಿ. ಎಷ್ಟೋ ಜನ ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಡಿಹ್ಯುಮಿಡಿಫೈಯರ್ ನೋಡಲು ಇದೇ ಕೆಲಸ, ಅಂದರೆ ಗಾಳಿಯ ತೇವ ತೆಗೆಯುವ ಕೆಲಸ, ಮಾಡುವ ಪುಟ್ಟ ಯಂತ್ರ. ವ್ಯತ್ಯಾಸ ಒಂದೇ: ಎಸಿ ಬಿಸಿಯನ್ನು ಹೊರಗೆ ಹಾಕುತ್ತದೆ, ಇದು ಕೋಣೆಯೊಳಗೇ ಬಿಡುತ್ತದೆ. ಸೆಕೆಗೆ ಅಂತ ತಂದರೆ ಕೋಣೆ ಇನ್ನಷ್ಟು ಬೆಚ್ಚಗಾಗಿ ಬೈದುಕೊಳ್ಳುತ್ತೀರಿ. ಬಟ್ಟೆ ಒಣಗಿಸಲು, ಗೋಡೆ ಹಸಿಯಾಗುವ ಕೋಣೆಗೆ, ಪುಸ್ತಕ ಕ್ಯಾಮೆರಾ ಇಡುವ ಜಾಗಕ್ಕೆ ತಂದರೆ ಬಂಗಾರ. ತೇವಾಂಶ ಶೇ 60ರ ಮೇಲೆ ನಿಂತರೆ ಬೂಷ್ಟು ಹಿಡಿಯುವ ಭಯ. ಅದನ್ನು 50ರ ಹತ್ತಿರ ಇಡುವುದು ಇದರ ಕೆಲಸ.

ಬಟ್ಟೆ: ಹೀರುವುದು ಬೇರೆ, ಆರುವುದು ಬೇರೆ

"ಸೆಕೆಗೆ ಕಾಟನ್ ಹಾಕು" ಅನ್ನುವುದು ಅರ್ಧ ಸತ್ಯ. ಒಮ್ಮೆ ಒಂದು ಕಾಟನ್ ಟೀ ಶರ್ಟು, ಒಂದು ಆಟದವರು ಹಾಕುವ ಪಾಲಿಯೆಸ್ಟರ್ ಟೀ ಶರ್ಟು ಎರಡನ್ನೂ ಒಟ್ಟಿಗೆ ನೆನೆಸಿ, ಹಿಂಡಿ, ನೆರಳಿನಲ್ಲಿ ಹಗ್ಗಕ್ಕೆ ಹಾಕಿದೆ. ಪಾಲಿಯೆಸ್ಟರ್ ಎರಡು ತಾಸಿನೊಳಗೆ ಗರಿಗರಿ. ಕಾಟನ್ನಿನ ಬೆನ್ನು, ಎದೆ ಒಣಗಿದರೂ ಕುತ್ತಿಗೆಯ ಪಟ್ಟಿ, ಕಂಕುಳಿನ ಹೊಲಿಗೆ, ಕೆಳಗಿನ ಅಂಚು ಸಂಜೆಯವರೆಗೂ ತಣ್ಣಗಿತ್ತು. ಮೈಮೇಲೂ ಆಗುವುದು ಇದೇ.

ಕಾಟನ್ ನೂಲು ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದಂತೆ ಕಾಣುವಾಗಲೂ ಅದರ ತೂಕದ ಶೇ 8ರಷ್ಟು ತೇವ ಅದರಲ್ಲಿರುತ್ತದೆ. ಅಗಸೆ ನಾರಿನಿಂದ ಮಾಡುವ ಲಿನನ್ನಿನಲ್ಲಿ ಶೇ 12ರಷ್ಟು. ಪಾಲಿಯೆಸ್ಟರಿನಲ್ಲಿ ಅರ್ಧ ಶೇಕಡಾಕ್ಕೂ ಕಡಿಮೆ. ಹಾಗಾಗಿ ಸ್ವಲ್ಪ ಬೆವರುವ ದಿನ ಕಾಟನ್ ಗೆಲ್ಲುತ್ತದೆ: ಬೆವರನ್ನು ಹೀರಿ, ಮೈಗೆ ಒಣಗಿದ ಹಾಗೆ ಅನ್ನಿಸುತ್ತದೆ. ಜಾಸ್ತಿ ಬೆವರುವ ದಿನ ಅದು ಸೋಲುತ್ತದೆ: ಒಮ್ಮೆ ತೊಯ್ದರೆ ಭಾರವಾಗಿ, ಮೈಗೆ ಅಂಟಿ, ಗಾಳಿಯನ್ನೇ ತಡೆಯುತ್ತದೆ.

ಲಿನನ್ ನನ್ನ ಪಕ್ಷಪಾತ. ಅದರ ನಾರು ಒರಟು, ಬಿರುಸು. ಬಟ್ಟೆ ಮೈಗೆ ಒರಗದೆ ಸ್ವಲ್ಪ ದೂರ ನಿಲ್ಲುತ್ತದೆ. ಆ ಸಂದಿನಲ್ಲಿ ಗಾಳಿ ಓಡಾಡುತ್ತದೆ. ತೊಯ್ದರೂ ಬೇಗ ಆರುತ್ತದೆ. ಸುಕ್ಕಿನ ಬಗ್ಗೆ ದೂರುವವರು ಒಂದು ವಾರ ಹಾಕಿ ನೋಡಿ, ಆಮೇಲೆ ಸುಕ್ಕು ಕಣ್ಣಿಗೇ ಬೀಳುವುದಿಲ್ಲ. ಲಿನನ್ ದುಬಾರಿ ಅನ್ನಿಸಿದರೆ ಸೀರ್‌ಸಕರ್ ಹುಡುಕಿ. ನೇಯುವಾಗಲೇ ಪಟ್ಟೆ ಪಟ್ಟೆಯಾಗಿ ನೆರಿಗೆ ಎಬ್ಬಿಸಿದ ತೆಳು ಕಾಟನ್ ಅದು. ಉಬ್ಬಿದ ಪಟ್ಟೆ ಮಾತ್ರ ಮೈಗೆ ತಾಗುತ್ತದೆ. ಹೆಸರು ಬಂದದ್ದು ಪಾರಸಿಯ 'ಶೀರ್ ಓ ಶಕರ್', ಹಾಲು ಮತ್ತು ಸಕ್ಕರೆ ಅನ್ನುವುದರಿಂದ: ನುಣುಪು ಒಂದು ಪಟ್ಟೆ, ತರಿ ಒಂದು ಪಟ್ಟೆ.

ಪಾಲಿಯೆಸ್ಟರಿನ ದೊಡ್ಡ ಗುಣ ಬೇಗ ಆರುವುದು. ಓಡುವವರಿಗೆ, ಸೈಕಲ್ ತುಳಿಯುವವರಿಗೆ, ಆಟಕ್ಕೆ ಅದೇ ಸರಿ. ದೊಡ್ಡ ದೋಷ ವಾಸನೆ. ಅದು ನೀರನ್ನು ಹೀರದಿದ್ದರೂ ಮೈಯ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. 2014ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 26 ಜನರಿಗೆ ಕಾಟನ್, ಪಾಲಿಯೆಸ್ಟರ್, ಮಿಶ್ರ ನೂಲಿನ ಟೀ ಶರ್ಟುಗಳನ್ನು ತೊಡಿಸಿ, ಬೆವರು ಹರಿಯುವ ತನಕ ಸೈಕಲ್ ತುಳಿಸಿ, ಮರುದಿನ ಮೂಸಿ ನೋಡಿಸಿದರು. ಕೆಟ್ಟ ವಾಸನೆ ಪಾಲಿಯೆಸ್ಟರಿನದೇ. ವಾಸನೆ ಹುಟ್ಟಿಸುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ಹಾಗಾಗಿ ಒಂದು ತಾಸಿನ ಆಟಕ್ಕೆ ಪಾಲಿಯೆಸ್ಟರ್, ಎಂಟು ತಾಸಿನ ಆಫೀಸಿಗೆ ಬೇಡ.

'ಬಿದಿರಿನ ಬಟ್ಟೆ' ಅಂತ ಮಾರುವುದು ಬಹುಪಾಲು ವಿಸ್ಕೋಸ್. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಮೃದು, ತಂಪು, ಚೆನ್ನಾಗಿ ಹೀರುತ್ತದೆ. ಆದರೆ ತೊಯ್ದಾಗ ಜೋತುಬಿದ್ದು ಮೈಗೆ ಅಂಟುತ್ತದೆ, ಒದ್ದೆಯಾಗಿದ್ದಾಗ ನೂಲಿನ ಶಕ್ತಿಯೂ ಕಡಿಮೆ. ಮಲಗುವಾಗ ಹಾಕಲು ಚೆನ್ನ. ಬಿದಿರಿನ ಔಷಧಿ ಗುಣ ಬಟ್ಟೆಯಲ್ಲಿ ಉಳಿದಿದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಇನ್ನು ಮೆರಿನೋ ಕುರಿಯ ನವಿರಾದ ಉಣ್ಣೆ. ಸೆಕೆಗೆ ಉಣ್ಣೆಯಾ ಅಂತ ನಾನೂ ನಕ್ಕಿದ್ದೆ. ತೀರಾ ತೆಳುವಾದದ್ದು ಸಿಕ್ಕರೆ ನಾಲ್ಕು ದಿನ ಹಾಕಿದರೂ ವಾಸನೆ ಬರುವುದಿಲ್ಲ. ಪ್ರಯಾಣಕ್ಕೆ ಒಳ್ಳೆಯದು, ದಿನಬಳಕೆಗೆ ಜೇಬು ತಾಳುವುದಿಲ್ಲ.

ನೂಲಿಗಿಂತ ನೇಯ್ಗೆ, ಹೊಲಿಗೆ ಮುಖ್ಯ ಅಂತ ಈಗ ನನ್ನ ಅಭಿಪ್ರಾಯ. ದಪ್ಪ ಕಾಟನ್ ಜೀನ್ಸಿಗಿಂತ ತೆಳು ಮಿಶ್ರ ನೂಲಿನ ಪ್ಯಾಂಟು ಎಷ್ಟೋ ವಾಸಿ. ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡುತ್ತೇನೆ. ಬಟ್ಟೆಯನ್ನು ಒಂದೇ ಪದರ ಮಾಡಿ ತುಟಿಗೆ ಹಿಡಿದು ಊದುತ್ತೇನೆ. ಉಸಿರು ಆಚೆ ಬದಿಯ ಬೆರಳಿಗೆ ಸಲೀಸಾಗಿ ತಾಗಬೇಕು. ಆಮೇಲೆ ಬಾಟಲಿಯ ಮುಚ್ಚಳದಿಂದ ಒಂದು ಹನಿ ನೀರು ಬಿಡುತ್ತೇನೆ. ಹನಿ ಗುಂಡಗೆ ನಿಂತರೆ ಬೆವರೂ ಹಾಗೇ ಮೈಮೇಲೆ ನಿಲ್ಲುತ್ತದೆ. ತಕ್ಷಣ ಅಗಲವಾಗಿ ಹರಡಿದರೆ ಬಟ್ಟೆ ಒಳ್ಳೆಯದು, ಹರಡಿದಷ್ಟು ಬೇಗ ಆರುತ್ತದೆ. (ಹೊಸ ಕಾಟನ್‌ಗೆ ಗಂಜಿ ಇದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಅಂಗಡಿಯವರ ಮುಖವೂ ನೋಡುವಂತಿರುತ್ತದೆ.)

ಅಳತೆ ಸಡಿಲ ಇರಲಿ. ಬಣ್ಣದ ಚಿಂತೆ ಬಿಸಿಲಿನಲ್ಲಿ ನಡೆಯುವವರಿಗೆ ಮಾತ್ರ. ನೆರಳಿನಲ್ಲಿ ಇರುವವರು ಬೆವರಿನ ಕಲೆ ಕಾಣದ ಬಣ್ಣ ಆರಿಸಿದರೆ ಸಾಕು: ಬಿಳಿ, ಕಡುನೀಲಿ, ಇಲ್ಲವೇ ಚಿಕ್ಕ ಪ್ರಿಂಟು. ತಿಳಿ ಬೂದು ಬಣ್ಣದ ಟೀ ಶರ್ಟಿನಷ್ಟು ಚಾಡಿಕೋರ ಬೇರೊಂದಿಲ್ಲ.

ಕಂಕುಳಿಗೆ ಏನು?

ಡಿಯೋಡರೆಂಟ್, ಆ್ಯಂಟಿಪರ್ಸ್‌ಪಿರೆಂಟ್ ಎರಡೂ ಒಂದೇ ಕಪಾಟಿನಲ್ಲಿ, ಒಂದೇ ಆಕಾರದ ಡಬ್ಬಿಯಲ್ಲಿ ಇರುತ್ತವೆ. ಕೆಲಸ ಮಾತ್ರ ಪೂರ್ತಿ ಬೇರೆ. ಹೊಸ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ತಿಂದಾಗ ಹುಟ್ಟುವುದು ವಾಸನೆ. ಡಿಯೋಡರೆಂಟ್ ಆ ಬ್ಯಾಕ್ಟೀರಿಯಾವನ್ನು ಹದ್ದುಬಸ್ತಿನಲ್ಲಿಟ್ಟು, ಮೇಲೆ ಸುಗಂಧ ಹಾಕುತ್ತದೆ. ಬೆವರು ನಿಲ್ಲುವುದಿಲ್ಲ. ಆ್ಯಂಟಿಪರ್ಸ್‌ಪಿರೆಂಟಿನಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಬೆವರಿನ ನಾಳದ ಬಾಯಲ್ಲಿ ಅಂಟಿನಂತೆ ಕೂತು ತಾತ್ಕಾಲಿಕವಾಗಿ ಮುಚ್ಚುತ್ತದೆ.

ವಾಸನೆ ಮಾತ್ರ ತೊಂದರೆಯಾದರೆ ಮೊದಲನೆಯದು. ಶರ್ಟು ತೊಯ್ಯುವುದು ತೊಂದರೆಯಾದರೆ ಎರಡನೆಯದು. ಎರಡನೆಯದನ್ನು ಎಲ್ಲರೂ ತಪ್ಪು ಹೊತ್ತಿನಲ್ಲಿ ಹಚ್ಚುತ್ತಾರೆ. ಬೆಳಿಗ್ಗೆ ಒದ್ದೆ ಕಂಕುಳಿಗೆ ಹಚ್ಚಿದರೆ ಅರ್ಧ ಬೆವರಿನಲ್ಲೇ ಕೊಚ್ಚಿಹೋಗುತ್ತದೆ. ರಾತ್ರಿ ಮಲಗುವ ಮುಂಚೆ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ. ರಾತ್ರಿ ಬೆವರು ಕಡಿಮೆ, ನಾಳದೊಳಗೆ ಕೂರಲು ಸಮಯ ಸಿಗುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಕೆಲಸ ಹಾಳಾಗುವುದಿಲ್ಲ. ಆಗಷ್ಟೇ ಶೇವ್ ಮಾಡಿದ ಚರ್ಮಕ್ಕೆ ಬೇಡ, ಉರಿಯುತ್ತದೆ. ಬಿಳಿ ಶರ್ಟಿನ ಕಂಕುಳಲ್ಲಿ ಬರುವ ಹಳದಿ ಕಲೆಗೆ ಈ ಲವಣವೂ ಒಂದು ಕಾರಣ.

ಅಲ್ಯೂಮಿನಿಯಂನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅನ್ನುವ ಭಯ ಬಹಳ ಜನರಿಗಿದೆ. ಅಂಥ ಸಂಬಂಧ ಇದೆ ಅಂತ ಸ್ಪಷ್ಟವಾಗಿ ಸಾಬೀತಾಗಿಲ್ಲ. ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಬಳಸಬೇಕು. ಇಲ್ಲೊಂದು ತಮಾಷೆ ಇದೆ. ಅಲ್ಯೂಮಿನಿಯಂ ಬೇಡ ಅಂತ 'ನ್ಯಾಚುರಲ್' ಪಟಿಕದ ಕಲ್ಲು ಉಜ್ಜಿಕೊಳ್ಳುವವರಿದ್ದಾರೆ. ಪಟಿಕ ಅಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್! ವಾಸನೆ ತಡೆಯಲು ಅದು ಚೆನ್ನಾಗಿಯೇ ಇದೆ, ಚರ್ಮಕ್ಕೆ ಒಗ್ಗಿದರೆ ಬಳಸಿ. ಅಡುಗೆ ಸೋಡಾ ಹಚ್ಚುವುದು ಬೇಡ. ಚರ್ಮ ಸ್ವಲ್ಪ ಆಮ್ಲೀಯ, ಸೋಡಾ ಕ್ಷಾರ. ಎರಡು ವಾರದಲ್ಲಿ ಕೆಂಪಗೆ ತುರಿಕೆ ಶುರುವಾಗುವುದುಂಟು.

ಬಾಡಿ ಸ್ಪ್ರೇ, ಪರ್ಫ್ಯೂಮ್ ಬಗ್ಗೆ ಒಂದೇ ಮಾತು: ಬೆವರಿದ ಮೇಲೆ ಹೊಡೆದುಕೊಂಡರೆ ಎರಡು ವಾಸನೆ ಸೇರಿ ಮೂರನೆಯದು ಹುಟ್ಟುತ್ತದೆ.

ಇದ್ಯಾವುದಕ್ಕೂ ಜಗ್ಗದೆ, ಸುಮ್ನೆ ಕೂತಾಗಲೂ ಅಂಗೈ, ಕಂಕುಳು ನೀರು ಸುರಿಯುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅತಿಬೆವರಿಗೆ ಪ್ರಬಲ ಲೋಷನ್, ಅಂಗೈಗೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ, ಕಂಕುಳಿಗೆ ಬೊಟಾಕ್ಸ್ ಚುಚ್ಚುಮದ್ದು ಎಲ್ಲ ಇವೆ. ಇದ್ದಕ್ಕಿದ್ದಂತೆ ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಜೊತೆಗೆ ತೂಕ ಇಳಿಯುತ್ತಿದ್ದರೆ ಅದು ಸೆಕೆಯ ಮಾತಲ್ಲ, ತಡ ಮಾಡಬೇಡಿ.

ಸ್ನಾನ, ಟವೆಲ್, ಪೌಡರ್

ತಣ್ಣೀರೋ ಬಿಸಿನೀರೋ? ತೀರಾ ತಣ್ಣನೆಯ ನೀರು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಒಳಗಿನ ಬಿಸಿ ಒಳಗೇ ಉಳಿದು ಹೊರಗೆ ಬಂದ ಮೇಲೆ ಮತ್ತೆ ಬೆವರಿಸುತ್ತದೆ. ಬಿಸಿನೀರಿನ ಕತೆ ಹೇಳುವುದೇ ಬೇಡ. ಉಗುರುಬೆಚ್ಚಗೆ ಶುರುಮಾಡಿ, ಕೊನೆಗೆ ನಲ್ಲಿಯ ನೀರು ಸುರಿದುಕೊಳ್ಳುವುದು ನನಗೆ ಒಗ್ಗಿದ ದಾರಿ. ಒರೆಸಿಕೊಂಡ ಕೂಡಲೇ ಬಟ್ಟೆ ಹಾಕಬೇಡಿ. ಹತ್ತು ನಿಮಿಷ ಫ್ಯಾನಿನ ಕೆಳಗೆ ನಿಲ್ಲಿ. ನನ್ನ ಒದ್ದೆ ಬೆನ್ನಿನ ಸಮಸ್ಯೆ ಮುಗಿದದ್ದು ಇದರಿಂದಲೇ, ಯಾವ ಡಬ್ಬಿಯಿಂದಲೂ ಅಲ್ಲ.

ದಿನಕ್ಕೆ ಎರಡು ಮೂರು ಸ್ನಾನ ಆದರೆ ಪ್ರತಿ ಸಲವೂ ಮೈಯೆಲ್ಲ ಸೋಪು ಬೇಡ. ಕಂಕುಳು, ತೊಡೆಸಂದು, ಪಾದ, ಅಷ್ಟಕ್ಕೆ ಸಾಕು.

ದಪ್ಪ ಟರ್ಕಿ ಟವೆಲ್ ಮುದ್ದಾಗಿರುತ್ತದೆ. ಆದರೆ ಅಂಟುವ ಸೆಕೆಯಲ್ಲಿ ಅದು ಸಂಜೆಗೂ ಒಣಗುವುದಿಲ್ಲ, ಮೂರನೇ ದಿನಕ್ಕೆ ಮುಗ್ಗಲು ವಾಸನೆ. ತೆಳು ನೇಯ್ಗೆಯ ಟವೆಲ್ ಎರಡು ಇಟ್ಟುಕೊಳ್ಳಿ. ಇದರಲ್ಲಿ ಯೋಚಿಸುವುದೇನೂ ಇಲ್ಲ.

ಪೌಡರ್ ಒಣ ಚರ್ಮದ ಮೇಲೆ ತೆಳುವಾಗಿ ಹಾಕಿದರೆ ಉಜ್ಜುವಿಕೆ ಕಡಿಮೆ ಮಾಡುತ್ತದೆ. ಬೆವರಿದ ಮೈಗೆ ಸುರಿದರೆ ಕಲಸಿದ ಹಿಟ್ಟಾಗಿ ಮಡಿಕೆಗಳಲ್ಲಿ ಕೂರುತ್ತದೆ. ಟಾಲ್ಕ್ ಬಗ್ಗೆ ಈಗ ಇನ್ನೊಂದು ಯೋಚನೆಯೂ ಬೇಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನುವ ಪಟ್ಟಿಗೆ ಸೇರಿಸಿದೆ. ಜೋಳದ ಪಿಷ್ಟದ ಪೌಡರ್ ಅದಕ್ಕೆ ಬದಲಿ. ಎಳೆಮಕ್ಕಳಿಗೆ ಮಾತ್ರ ಯಾವ ಪೌಡರೂ ಮುಖದ ಹತ್ತಿರ ಬೇಡ, ಪುಡಿ ಉಸಿರಿಗೆ ಹೋಗುತ್ತದೆ.

ಬೆವರುಸಾಲೆ ಎದ್ದರೆ ಅದು ನಾಳ ಕಟ್ಟಿಕೊಂಡ ಗುರುತು. ಅದರ ಮೇಲೆ ದಪ್ಪ ಕ್ರೀಮು, ಎಣ್ಣೆ ಹಚ್ಚಿದರೆ ಇನ್ನಷ್ಟು ಕಟ್ಟುತ್ತದೆ. ತಂಪು, ಗಾಳಿ, ಸಡಿಲ ಬಟ್ಟೆ ಸಾಕು. ತೊಡೆಸಂದಿನಲ್ಲಿ ಅಂಚು ಕಟ್ಟಿ, ದುಂಡಗೆ ಹರಡುವ ತುರಿಕೆ ಹುಳುಕಡ್ಡಿಯದು, ಅಂದರೆ ಫಂಗಸ್. ಇದಕ್ಕೆ ಔಷಧಿ ಅಂಗಡಿಯಲ್ಲಿ ಸ್ಟಿರಾಯ್ಡ್ ಬೆರೆತ ಟ್ಯೂಬ್ ಕೇಳಿ ಹಚ್ಚಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಫಂಗಸ್ ಹಬ್ಬುತ್ತದೆ.

ಒಗೆದ ಬಟ್ಟೆ ಯಾಕೆ ನಾರುತ್ತದೆ?

ಒಗೆದು, ಒಣಗಿಸಿ, ಮಡಚಿಟ್ಟ ಶರ್ಟು ಹಾಕಿಕೊಂಡ ಅರ್ಧ ಗಂಟೆಗೆ ಒದ್ದೆ ನೆಲವೊರಸಿನ ವಾಸನೆ. ತಪ್ಪು ಸೋಪಿನದಲ್ಲ. ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಈ ವಾಸನೆಗೆ ಕಾರಣ ಅಂತ 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬಟ್ಟೆ ತಾಸುಗಟ್ಟಲೆ ಹಸಿಯಾಗಿ ಉಳಿದರೆ ಅದಕ್ಕೆ ಹಬ್ಬ. ಒಣಗಿದ ಮೇಲೂ ಅದು ಬದುಕಿರುತ್ತದೆ. ಬೆವರಿನ ತೇವ ತಾಗಿದೊಡನೆ ಮತ್ತೆ ಎದ್ದು ಕೂರುತ್ತದೆ.

ಬಿಸಿಲು ಸಿಕ್ಕರೆ ಅದರ ಮುಂದೆ ಬೇರೆ ಆಯ್ಕೆಯೇ ಬೇಡ. ಸಿಗದಿದ್ದರೆ ವಾಷಿಂಗ್ ಮಷಿನ್ನಿನಲ್ಲಿ ಸ್ಪಿನ್ ಎರಡು ಸಲ ಕೊಡಿ. ನೀರನ್ನು ಆವಿ ಮಾಡುವುದಕ್ಕಿಂತ ತಿರುಗಿಸಿ ಎಸೆಯುವುದು ಎಷ್ಟೋ ಅಗ್ಗ. ಬಟ್ಟೆಗಳ ನಡುವೆ ಒಂದು ಮುಷ್ಟಿಯಷ್ಟು ಜಾಗ ಬಿಟ್ಟು, ಕೆಳಗಿನಿಂದ ಟೇಬಲ್ ಫ್ಯಾನು ಹಾಕಿ. ಮಲಗುವ ಕೋಣೆಯಲ್ಲಿ ಮಾತ್ರ ಬೇಡ, ಆ ನೀರೆಲ್ಲ ರಾತ್ರಿ ನಿಮ್ಮ ಹಾಸಿಗೆಗೇ ಬರುತ್ತದೆ. ಟಂಬಲ್ ಡ್ರೈಯರ್ ಬೇಗ ಒಣಗಿಸುತ್ತದೆ, ಕರೆಂಟು ಜಾಸ್ತಿ, ಎಲಾಸ್ಟಿಕ್ ಬೇಗ ಸಡಿಲ. ಮುಚ್ಚಿದ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಜೊತೆಗೆ ಫ್ಯಾನು ಹಾಕುವುದು ಇವೆರಡರ ನಡುವಿನ ದಾರಿ, ತಿಂಗಳುಗಟ್ಟಲೆ ಮಳೆಯಿರುವವರಿಗೆ ನಾನು ಹೇಳುವುದು ಇದನ್ನೇ.

ಆಗಲೇ ನಾರುತ್ತಿರುವ ಟವೆಲ್, ಒಳ ಉಡುಪುಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಆಟದ ಬಟ್ಟೆಗೆ, ಟವೆಲ್ಲಿಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಮೊದಲು ಹೇಳಿದ ಹನಿ ಪರೀಕ್ಷೆ ಮಾಡಿದರೆ ಹನಿ ಗುಂಡಗೆ ನಿಲ್ಲುವುದು ನಿಮಗೇ ಕಾಣುತ್ತದೆ.

ಪಾದ ಮತ್ತು ಬೀರು

ಎರಡು ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರಿನ ಗ್ರಂಥಿಗಳಿವೆ. ಅವನ್ನು ಶೂ ಒಳಗೆ ಹತ್ತು ತಾಸು ಮುಚ್ಚಿಟ್ಟರೆ ಏನಾಗಬೇಕು? ತೆರೆದ ಚಪ್ಪಲಿ ಹಾಕಲು ಅವಕಾಶ ಇದ್ದರೆ ಮಾತು ಮುಗಿಯಿತು. ಶೂ ಕಡ್ಡಾಯವಾದರೆ ಒಂದು ದುಬಾರಿ ಜೊತೆಗಿಂತ ಎರಡು ಸಾಧಾರಣ ಜೊತೆ ಮೇಲು. ಒಂದು ದಿನ ಹಾಕಿದ್ದು ಮರುದಿನ ಪೂರ್ತಿ ಒಣಗಲಿ, ಒಳಗೆ ಹಳೆ ಪೇಪರ್ ಉಂಡೆ ತುರುಕಿಡಿ. ಒಳಗೆ ರೆಕ್ಸಿನ್ ಇರುವ ಶೂ ಬೇಡ, ಜಾಲರಿಯದು ಅಥವಾ ಒಳಗೂ ಚರ್ಮವೇ ಇರುವುದು ಇರಲಿ. ಸಾಕ್ಸ್ ಮಾತ್ರ ಮಧ್ಯಾಹ್ನಕ್ಕೆ ಒಂದು ಬದಲಿ ಜೊತೆ ಚೀಲದಲ್ಲಿರಲಿ.

ಬೀರುವಿಗೆ ಬರೋಣ. ನನ್ನ ಚರ್ಮದ ಬೆಲ್ಟು ಒಂದು ಮಳೆಗಾಲದಲ್ಲಿ ಹಸಿರು ಮಿಶ್ರಿತ ಬಿಳಿ ತುಪ್ಪಳ ಬೆಳೆಸಿಕೊಂಡಿತ್ತು. ನ್ಯಾಫ್ತಲೀನ್ ಗುಳಿಗೆ ಹಾಕಿದ್ದೆ, ಅದು ಹುಳಕ್ಕೆ, ತೇವಕ್ಕಲ್ಲ. ತೇವ ಹೀರಲು ಎರಡು ಬಗೆ ಸಿಗುತ್ತವೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿದು ಸುಸ್ತಾಗುತ್ತದೆ, ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ತಯಾರು. ತೇವ ತುಂಬಿತು ಅಂತ ಬಣ್ಣ ಬದಲಾಯಿಸಿ ತೋರಿಸುವುದು ಬೇಕಾದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಅದಕ್ಕಿಂತ ಎಷ್ಟೋ ಜಾಸ್ತಿ ನೀರು ಎಳೆಯುತ್ತದೆ, ಆದರೆ ತಾನೇ ಕರಗಿ ನೀರಾಗುತ್ತದೆ. ಡಬ್ಬಿ ಉರುಳಿ ಆ ನೀರು ಚೆಲ್ಲಿದರೆ ಬಟ್ಟೆ, ಚರ್ಮ ಎರಡೂ ಹಾಳು. ಕ್ಯಾಮೆರಾ ಪೆಟ್ಟಿಗೆಗೆ ಮೊದಲನೆಯದು, ಬಟ್ಟೆಯ ಬೀರುವಿನ ತಳಕ್ಕೆ ಎರಡನೆಯದು.

ಬೀರು ಗೋಡೆಗೆ ತಾಗಿಕೊಂಡಿದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಒಳಗೆ ಬಟ್ಟೆ ಒತ್ತೊತ್ತಾಗಿ ತುಂಬಬೇಡಿ. ಇಸ್ತ್ರಿಯ ಬಿಸಿ ಆರುವ ಮುಂಚೆ ಒಳಗಿಡಬೇಡಿ, ಆ ಹಬೆ ಅಲ್ಲೇ ಉಳಿಯುತ್ತದೆ. ಬೆಲ್ಟನ್ನು ಒಣ ಬಟ್ಟೆಯಿಂದ ಒರೆಸಿ, ಒಂದು ಪೂರ್ತಿ ದಿನ ಗಾಳಿಗಿಟ್ಟು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಎರಡು ಮಳೆಗಾಲ ಕಳೆದಿವೆ, ಇನ್ನೂ ಅಲ್ಲೇ ಇದೆ, ತುಪ್ಪಳವಿಲ್ಲದೆ.